ಬೀಡಿಗೆ ಬೇಡಿ, ಲಾರಿಗೆ ದಾರಿ?

ಬೈರಕೂರು: ಬೆಂಗಳೂರಿನಿಂದ ತಿರುಪತಿಗೆ ಹೊರಟ ಬಸ್ಸು ಮುಳಬಾಗಿಲು ದಾಟಿ ನಂಗಲಿ ಸಮೀಪಿಸಿತೆಂದರೆ ಕಂಡಕ್ಟರ್ ಬಾಯಲ್ಲಿ ಕನ್ನಡ ಇಳಿದು ತೆಲುಗು ಹತ್ತಿಕೊಳ್ಳುತ್ತದೆ. ಆ ಕಡೆ ಪಲಮನೇರು, ಚಿತ್ತೂರು. ಈ ಕಡೆ ಬೈರಕೂರು ಹೋಬಳಿ. ಹೆಣ್ಣು ಕೊಡೋದು ತರೋದು ಎರಡೂ ಕಡೆಗೆ, ಟೊಮೇಟೊ ಕ್ರೇಟು ಎರಡೂ ಕಡೆಗೆ, ಸಾಲ ಸೋಲವೂ ಎರಡೂ ಕಡೆಗೆ. ಗಡಿ ಅನ್ನೋದು ಇಲ್ಲಿನ ಜನಕ್ಕೆ ನಕ್ಷೆಯಲ್ಲಿ ಮಾತ್ರ ಉಂಟು. ಪೊಲೀಸರಿಗೆ ಮಾತ್ರ ಅದು ನಿಜವಾದ ಗೆರೆ. ಗೆರೆ ದಾಟಿದವನು ಬೇರೆ ಠಾಣೆಯ ತಲೆನೋವು.

ಈ ಗೆರೆಯ ಮೇಲೆ ಹಾದು ಬರುವ ಸರಕುಗಳಲ್ಲಿ ಗಾಂಜಾವೂ ಒಂದು. ಅದು ಬೆಳೆಯೋದು ಇಲ್ಲಿಂದ ಬಹು ದೂರದಲ್ಲಿ, ವಿಶಾಖಪಟ್ಟಣದ ಹಿಂದಿನ ಮನ್ಯಂ ಬೆಟ್ಟಗಳಲ್ಲಿ, ಅದಕ್ಕೂ ಆಚೆ ಒಡಿಶಾದ ಮಲ್ಕನ್‌ಗಿರಿ, ಕೊರಾಪುಟ್ ಕಾಡುಗಳಲ್ಲಿ. 2022ರ ಫೆಬ್ರವರಿಯಲ್ಲಿ ಆಂಧ್ರ ಪೊಲೀಸರು ಅನಕಾಪಲ್ಲಿ ಹತ್ತಿರ ಒಂದೇ ದಿನ ಸುಮಾರು 2 ಲಕ್ಷ ಕಿಲೋ ಗಾಂಜಾ ರಾಶಿ ಹಾಕಿ ಬೆಂಕಿ ಇಟ್ಟರು. ಎರಡು ಲಕ್ಷ ಕಿಲೋ! ಅದು ಸಿಕ್ಕಿಬಿದ್ದ ಮಾಲು. ಸಿಕ್ಕದೆ ದಾಟಿ ಹೋದ ಮಾಲಿಗೆ ಬೇಕಾದ್ದು ದೊಡ್ಡ ಊರು, ದೊಡ್ಡ ಗಿರಾಕಿ. ದಕ್ಷಿಣದಲ್ಲಿ ಅಂಥ ಊರುಗಳಲ್ಲಿ ಬೆಂಗಳೂರು ಮುಂದು. ಬೆಂಗಳೂರಿಗೆ ಆ ದಿಕ್ಕಿನಿಂದ ಬರುವ ಹಾದಿಗಳಲ್ಲಿ ಚಿತ್ತೂರು, ಪಲಮನೇರು, ನಂಗಲಿ, ಮುಳಬಾಗಿಲು, ಕೋಲಾರ ಒಂದು ಹಾದಿ. ಬಂಗಾರಪೇಟೆ ಮೇಲೆ ಬರುವ ರೈಲು ಇನ್ನೊಂದು. ಈಗ ಬೇತಮಂಗಲ, ಮಾಲೂರು ಕಡೆಯಿಂದ ಹೊಸಕೋಟೆಗೆ ಹೋಗುವ ಹೊಸ ಎಕ್ಸ್‌ಪ್ರೆಸ್ ರಸ್ತೆಯೂ ಸೇರಿಕೊಂಡಿದೆ.

ಮೊದಲು ಗಡಿಯಲ್ಲಿ ವಾಣಿಜ್ಯ ತೆರಿಗೆಯವರ ಗೇಟು ಇತ್ತು. ಲಾರಿ ನಿಲ್ಲುತ್ತಿತ್ತು, ಬಿಲ್ಲು ತೋರಿಸುತ್ತಿತ್ತು, ಒಂದಿಷ್ಟು ಮಾಮೂಲೂ ನಡೀತಿತ್ತು ಅಂತ ಡ್ರೈವರುಗಳು ಹೇಳ್ತಾರೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು, ಆ ಗೇಟುಗಳು ಎದ್ದವು. ವ್ಯಾಪಾರಿಗೆ ಒಳ್ಳೇದಾಯ್ತು, ಅನುಮಾನವಿಲ್ಲ. ಆದರೆ ತಾರ್ಪಾಲಿನ ಅಡಿಯಲ್ಲಿ ಏನಿದೆ ಅಂತ ಇಣುಕಿ ನೋಡುವ ಕಣ್ಣು ಒಂದು ಕಡಿಮೆ ಆಯ್ತು.

ಇದು ಲಾರಿಯ ಕಥೆ. ಇನ್ನು ಬೀಡಿಯ ಕಥೆ.

ಈ ಸೀಮೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಇಪ್ಪತ್ತೊಂದು ವಯಸ್ಸು, ಐಟಿಐ ಮುಗಿಸಿದ್ದಾನೆ. ನರಸಾಪುರದ ಕಾರ್ಖಾನೆಗೆ ಅರ್ಜಿ ಹಾಕಿದ್ದಾನೆ. ಸಂಜೆ ಸ್ನೇಹಿತರ ಜೊತೆ ಕೆರೆ ಕಟ್ಟೆ ಮೇಲೆ ಕೂತಿದ್ದಾಗ ಬೀಟಿನ ಪೊಲೀಸರು ಬಂದರು. ಜೇಬಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಹತ್ತು ಗ್ರಾಂ ಸೊಪ್ಪು. ಅವನು ಕಳ್ಳನಲ್ಲ, ಮಾರುವವನಲ್ಲ. ಒಳ್ಳೆಯ ಚಾಳಿಯೂ ಅಲ್ಲ. ಈಗ ಇವನನ್ನು ಏನು ಮಾಡಬೇಕು?

ಅಂಗಡಿ ಕಟ್ಟೆಗಳಲ್ಲಿ ಇದಕ್ಕೆ ಎರಡು ಉತ್ತರ ಸಿಗುತ್ತೆ. "ನಾಲ್ಕು ಬಿಟ್ಟು ಮನೆಗೆ ಕಳಿಸಿ" ಅನ್ನೋದು ಒಂದು. "ಒಳಗೆ ಹಾಕಿ, ಬುದ್ಧಿ ಬರಲಿ" ಅನ್ನೋದು ಇನ್ನೊಂದು. ಎರಡೂ ಕಾನೂನಿನ ಉತ್ತರ ಅಲ್ಲ. ಕಾನೂನಿನಲ್ಲಿ ಇರುವುದು ಮೂರನೇ ಉತ್ತರ. ಅದು ಅನೇಕರಿಗೆ ಗೊತ್ತಿಲ್ಲ, ಗೊತ್ತಿದ್ದವರು ಹೇಳೋದಿಲ್ಲ.

ನಾಲ್ಕು ವಾರದಲ್ಲಿ ಹುಟ್ಟಿದ ಕಾಯ್ದೆ

ಈಗಿರುವ ಮಾದಕ ವಸ್ತು ಕಾಯ್ದೆ 1985ರದ್ದು. ಎನ್‌ಡಿಪಿಎಸ್ ಅಂತಾರಲ್ಲ, ಅದೇ. ರಾಜೀವ್ ಗಾಂಧಿ ಪ್ರಧಾನಿ. ಆಗಸ್ಟ್ 23ಕ್ಕೆ ಲೋಕಸಭೆಯಲ್ಲಿ ಮಸೂದೆ ಮಂಡನೆ, ಸೆಪ್ಟೆಂಬರ್ 16ಕ್ಕೆ ರಾಷ್ಟ್ರಪತಿ ಅಂಕಿತ, ನವೆಂಬರ್ 14ಕ್ಕೆ ಜಾರಿ. ತಾಲ್ಲೂಕು ಕಚೇರಿಯಲ್ಲಿ ಒಂದು ಖಾತೆ ಬದಲಾವಣೆ ಅರ್ಜಿ ಕೂಡ ಇಷ್ಟು ಬೇಗ ಓಡಿದ್ದು ಯಾರೂ ನೋಡಿಲ್ಲ.

ಅದಕ್ಕೂ ಮೊದಲು ಗಾಂಜಾ ಅಬಕಾರಿ ಬಾಬ್ತು. ನಮ್ಮ 1965ರ ಅಬಕಾರಿ ಕಾಯ್ದೆಯಲ್ಲೂ ಭಂಗಿ, ಗಾಂಜಾ ಹೆಸರು ಉಂಟು. ಹೆಂಡದ ಹಾಗೆ ಅದೂ ತೆರಿಗೆ, ಲೈಸೆನ್ಸಿನ ವಿಷಯ. ಬ್ರಿಟಿಷರೇ 1893ರಲ್ಲಿ ಇದಕ್ಕೊಂದು ದೊಡ್ಡ ಆಯೋಗ ಕೂರಿಸಿದ್ದರು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ 1894ರಲ್ಲಿ ವರದಿ ಬರೆದರು. ಮಿತವಾಗಿ ಸೇವಿಸುವವರಿಗೆ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೆಡುಕು, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಅನ್ನೋದು ಅದರ ಸಾರ. ಆಮೇಲೆ 1961ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂತು. ಗಾಂಜಾ ಹೆರಾಯಿನ್ ಪಕ್ಕ ಕೂತಿತು. ಭಾರತ ಹಟ ಹಿಡಿದು ಎಲೆಯನ್ನು, ಅಂದರೆ ಭಂಗಿಯನ್ನು, ಹೊರಗೆ ಉಳಿಸಿಕೊಂಡಿತು. ಗಾಂಜಾ ನಿಲ್ಲಿಸೋದಕ್ಕೆ 25 ವರ್ಷದ ವಾಯಿದೆ ಸಿಕ್ಕಿತು. ವಾಯಿದೆ ಮುಗಿಯುತ್ತಾ ಬಂದಾಗ ಈ ಕಾಯ್ದೆ ಅವಸರದಲ್ಲಿ ಹುಟ್ಟಿತು.

ಹೀಗಾಗಿ ಕಾಯ್ದೆಯ ಕಣ್ಣಿಗೆ ಗಾಂಜಾ ಅಂದರೆ ಗಿಡದ ಹೂವಿನ ತೆನೆ, ಕಾಯಿ ಕಟ್ಟಿದ ತುದಿ. ತೆನೆಯ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. 2022ರ ಆಗಸ್ಟಿನಲ್ಲಿ ನಮ್ಮ ಹೈಕೋರ್ಟು ಭಂಗಿ ಈ ಕಾಯ್ದೆಯ ಅಡಿ ಬರೋದಿಲ್ಲ ಅಂತ ಹೇಳಿ, ಕಿಲೋಗಟ್ಟಲೆ ಭಂಗಿ ಸಿಕ್ಕಿದ ಒಬ್ಬನಿಗೆ ಜಾಮೀನು ಕೊಟ್ಟಿತು. ಆದರೆ ಹೊಲದಲ್ಲಿ ಗಿಡ ಸಿಕ್ಕಾಗ ಅದನ್ನು ಹೇಗೆ ತೂಗ್ತಾರೆ? ಬೇರು, ಮಣ್ಣು, ದಂಟು, ಹಸಿ ಎಲೆ ಎಲ್ಲ ಸೇರಿಸಿ ತಕ್ಕಡಿಗೆ ಹಾಕಿದರೆ ಕಿಲೋ ಏರುತ್ತೆ, ಪತ್ರಿಕೆಗೆ ಕೊಡುವ ಫೋಟೋ ಚೆನ್ನಾಗಿ ಬರುತ್ತೆ. ಕೋರ್ಟಿನಲ್ಲಿ ವಕೀಲ ಎದ್ದು "ಸ್ವಾಮಿ, ಇದರಲ್ಲಿ ತೆನೆ ಎಷ್ಟು?" ಅಂದಾಗ ಕೇಸು ಒಣಗುತ್ತೆ.

ಇನ್ನೂ ಒಂದು ವಿಚಿತ್ರ. ಜೇಬಿನಲ್ಲಿ 900 ಗ್ರಾಂ ಇಟ್ಟುಕೊಂಡವನಿಗೆ ಹೆಚ್ಚೆಂದರೆ ಒಂದು ವರ್ಷ. ಗುಡಿಸಲ ಹಿತ್ತಿಲಲ್ಲಿ ಎರಡು ಗಿಡ ಬೆಳೆಸಿದ ಮುದುಕನಿಗೆ ಹೆಚ್ಚೆಂದರೆ ಹತ್ತು ವರ್ಷ. ಬೆಳೆಸುವ ಅಪರಾಧಕ್ಕೆ ಒಂದು ಗಿಡವೂ ಒಂದೇ, ಒಂದು ಎಕರೆಯೂ ಒಂದೇ.

ಕಲಂ ಯಾವುದು ಬರೆದ್ರಿ ಸಾರ್?

ಈಗ ಕೆರೆ ಕಟ್ಟೆಯ ಹುಡುಗನ ವಿಷಯಕ್ಕೆ ವಾಪಸು ಬರೋಣ. ಶಿಕ್ಷೆ ತೂಕದ ಮೇಲೆ ನಿಂತಿದೆ. 2001ರ ತಿದ್ದುಪಡಿ ಆದ ಮೇಲೆ 1 ಕಿಲೋವರೆಗಿನ ಗಾಂಜಾ 'ಅಲ್ಪ ಪ್ರಮಾಣ'. 20 ಕಿಲೋ ದಾಟಿದರೆ 'ವಾಣಿಜ್ಯ ಪ್ರಮಾಣ'. ಮೊದಲನೆಯದಕ್ಕೆ ಒಂದು ವರ್ಷದವರೆಗೆ ಸಜೆ ಅಥವಾ 10 ಸಾವಿರದವರೆಗೆ ದಂಡ, ಅಥವಾ ಎರಡೂ. ಎರಡನೆಯದಕ್ಕೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು, ಜಾಮೀನು ಸಿಗೋದು ಬಹಳ ಕಷ್ಟ. ನಡುವಿನದಕ್ಕೆ ಹತ್ತು ವರ್ಷದವರೆಗೆ.

ಜೇಬಲ್ಲಿ ಪೊಟ್ಟಣ ಇದ್ದರೆ 20ನೇ ಕಲಂ. ಸೇದಿದ್ದಾನೆ ಅಂತಾದರೆ 27ನೇ ಕಲಂ, ಆರು ತಿಂಗಳವರೆಗೆ. ಓದೋದಕ್ಕೆ ಹೆಚ್ಚು ವ್ಯತ್ಯಾಸ ಕಾಣಿಸೋದಿಲ್ಲ. ಆದರೆ 33ನೇ ಕಲಂ ಓದಿ ನೋಡಿ. 27ರಲ್ಲಿ ತಪ್ಪಿತಸ್ಥನಾದವನಿಗೆ ಮ್ಯಾಜಿಸ್ಟ್ರೇಟರು ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಜೈಲಿಗೆ ಕಳಿಸದೆ ಬಿಡಬಹುದು. 20ರಲ್ಲಾದರೆ, ಹದಿನೆಂಟು ತುಂಬಿದವನಿಗೆ, ಆ ದಾರಿ ಮುಚ್ಚಿದೆ. ಸಬ್ ಇನ್ಸ್‌ಪೆಕ್ಟರ್ ಪೆನ್ನಿನ ತುದಿಯಲ್ಲಿ 20 ಬಂತೋ 27 ಬಂತೋ ಅನ್ನೋದರ ಮೇಲೆ ಹುಡುಗನ ಹಣೆಬರಹ. ಹುಡುಗನ ಅಪ್ಪ ಠಾಣೆ ಮುಂದೆ ನಿಂತು ಪುಢಾರಿಗಳಿಗೆ ಫೋನು ಹಚ್ಚುತ್ತಿರುತ್ತಾನೆ. ಕೇಳಬೇಕಾದ ಮೊದಲ ಪ್ರಶ್ನೆ "ಕಲಂ ಯಾವುದು ಬರೆದ್ರಿ ಸಾರ್?" ಅನ್ನೋದು ಅವನಿಗೆ ತಿಳಿದಿರೋದಿಲ್ಲ.

ಇದಕ್ಕಿಂತ ದೊಡ್ಡದು 64ಎ ಕಲಂ. ಚಟಕ್ಕೆ ಬಿದ್ದವನು, ಸಿಕ್ಕ ಮಾಲು ಅಲ್ಪ ಪ್ರಮಾಣದ್ದಾದರೆ, ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಓಡಿದರೆ ವಿನಾಯಿತಿ ಹೋಗುತ್ತೆ. ಇದು ದಯೆ ದಾಕ್ಷಿಣ್ಯದ ಮಾತಲ್ಲ, ಸಂಸತ್ತು ಬರೆದ ಕಾನೂನು. ಪ್ರತಿ ವರ್ಷ ಜೂನ್ 26ಕ್ಕೆ ಮಾದಕ ವಸ್ತು ವಿರೋಧಿ ದಿನ ಅಂತ ಶಾಲೆ ಮಕ್ಕಳನ್ನು ಬಿಸಿಲಲ್ಲಿ ಮೆರವಣಿಗೆ ಮಾಡಿಸ್ತಾರೆ. ಆ ಮಕ್ಕಳ ಕೈಯಲ್ಲಿನ ಒಂದು ಫಲಕದ ಮೇಲಾದರೂ ಈ 64ಎ ಬರೆಯಬಾರದೆ?

ಕೇಸು ಬಿದ್ದ ಮೇಲೆ ನಡೆಯೋದು ಎಲ್ಲರಿಗೂ ಗೊತ್ತು. ತೀರ್ಪು ಬರೋದು ಯಾವಾಗಲೋ. ಅಷ್ಟರಲ್ಲಿ ಕಾರ್ಖಾನೆಯವರು ಪೊಲೀಸ್ ವೆರಿಫಿಕೇಶನ್ ಕೇಳ್ತಾರೆ. ಪಾಸ್‌ಪೋರ್ಟಿಗೆ ಹೋದರೆ ಅಲ್ಲೂ ಕೇಳ್ತಾರೆ. ಕಾನ್‌ಸ್ಟೇಬಲ್ ಹುದ್ದೆಗೆ ಓದುತ್ತಿದ್ದರೆ ಪುಸ್ತಕ ಮುಚ್ಚಬೇಕು. ಹತ್ತು ಗ್ರಾಂ ಸೊಪ್ಪಿಗೆ ಕೋರ್ಟು ಹಾಕುವ ದಂಡ ಸಣ್ಣದಿರಬಹುದು, ಊರು ಹಾಕುವ ದಂಡ ಸಣ್ಣದಲ್ಲ. ಪೇಟೆಯ ಶ್ರೀಮಂತರ ಮಕ್ಕಳಿಗೆ ವಕೀಲರು ಸಾಲುಗಟ್ಟಿ ನಿಲ್ತಾರೆ. ಬೈರಕೂರಿನ ಹುಡುಗನಿಗೆ ಮುಳಬಾಗಿಲು ಕೋರ್ಟಿಗೆ ಹೋಗುವ ಬಸ್ ಚಾರ್ಜೂ ಲೆಕ್ಕವೇ.

ಅಂಗಡಿಯವನೇ ಪಂಚ

ಪೊಲೀಸರ ಕಡೆಯಿಂದಲೂ ಒಂದು ಲೆಕ್ಕ ಹಾಕಬೇಕು. ಹತ್ತು ಗ್ರಾಂ ಕೇಸಿಗೂ ಮಹಜರು ಬೇಕು. ಪಂಚರು ಬೇಕು. ಪಂಚ ಯಾರು? ಪಕ್ಕದ ಕಿರಾಣಿ ಅಂಗಡಿಯವನು, ಎದುರಿನ ಸೈಕಲ್ ಶಾಪಿನವನು. ಸಂಜೆ ವ್ಯಾಪಾರದ ಹೊತ್ತಿನಲ್ಲಿ ಬಾಗಿಲು ಹಾಕಿಸಿ ಕರೆದುಕೊಂಡು ಹೋದರೆ, ಎರಡು ವರ್ಷದ ಮೇಲೆ ಸಾಕ್ಷಿ ಸಮನ್ಸು ಬಂದಾಗ ಆತ ಕಟಕಟೆ ಹತ್ತಿ "ಸಹಿ ನಂದೇ ಸಾರ್, ಆದರೆ ಏನು ಬರೆದಿತ್ತೋ ಗೊತ್ತಿಲ್ಲ" ಅಂತಾನೆ. ಅವನನ್ನು ಬೈದು ಪ್ರಯೋಜನವಿಲ್ಲ.

ಮೈ ತಡಕುವ ಮುಂಚೆ "ಗೆಜೆಟೆಡ್ ಅಧಿಕಾರಿಯ ಇಲ್ಲಾ ಮ್ಯಾಜಿಸ್ಟ್ರೇಟರ ಮುಂದೆಯೇ ತಪಾಸಣೆ ಆಗಲಿ ಅಂತ ಕೇಳುವ ಹಕ್ಕು ನಿನಗಿದೆ" ಎಂದು ತಿಳಿಸಬೇಕು, ಅದು 50ನೇ ಕಲಂ. ಬಸ್ಸಿನಲ್ಲಿ ಓಡಾಡುವವರು ಇದನ್ನು ನೆನಪಿನಲ್ಲಿಡೋದು ಒಳ್ಳೇದು. ಆದರೆ ಇದು ಮೈ ತಪಾಸಣೆಗೆ ಮಾತ್ರ. ಸೀಟಿನ ಮೇಲಿಟ್ಟ ಬ್ಯಾಗಿಗೆ ಈ ರಕ್ಷಣೆ ಇಲ್ಲ ಅಂತ ಸುಪ್ರೀಂ ಕೋರ್ಟು 2005ರಲ್ಲೇ ಹೇಳಿದೆ. ಗುರುತಿಲ್ಲದವರು "ಅಣ್ಣಾ, ಈ ಚೀಲ ಕೋಲಾರದಲ್ಲಿ ಇಳಿಸಿಬಿಡಿ" ಅಂದರೆ ಕೈ ಮುಗಿದು ದೂರ ಸರಿಯೋದು ಕ್ಷೇಮ. ಅಂಗಡಿ ಮಾಳಿಗೆ ಬಾಡಿಗೆಗೆ ಕೊಟ್ಟವರಿಗೂ ಒಂದು ಮಾತು: ಗೊತ್ತಿದ್ದೂ ಅಲ್ಲಿ ಈ ದಂಧೆ ನಡೆಯಲು ಬಿಟ್ಟರೆ ಮಾಲೀಕನಿಗೂ ಅದೇ ಶಿಕ್ಷೆ, ಅದು 25ನೇ ಕಲಂ.

ಆಮೇಲೆ ಸೀಲು, ಮಾದರಿ, ಬೆಂಗಳೂರು ಮಡಿವಾಳದ ಪ್ರಯೋಗಾಲಯಕ್ಕೆ ಓಡಾಟ, ಸೇದಿದ್ದರೆ ರಕ್ತ ಮೂತ್ರ ಪರೀಕ್ಷೆಗೆ ಆಸ್ಪತ್ರೆ, ಮ್ಯಾಜಿಸ್ಟ್ರೇಟರ ಮುಂದೆ ಪಟ್ಟಿ. ಒಂದು ಪೊಟ್ಟಣಕ್ಕೆ ಎಷ್ಟು ಜನ ಕಾನ್‌ಸ್ಟೇಬಲ್, ಎಷ್ಟು ದಿನ! ಗಡಿ ತಾಲ್ಲೂಕಿನ ಠಾಣೆ ಅಂದರೆ ಜಾತ್ರೆ ಬಂದೋಬಸ್ತು, ಹೆದ್ದಾರಿ ಅಪಘಾತ, ಮಂತ್ರಿಗಳ ಎಸ್ಕಾರ್ಟು, ಜಮೀನು ಜಗಳ ಎಲ್ಲ ಅದರ ತಲೆ ಮೇಲೆ. ಆ ಜನರನ್ನೇ ಪೊಟ್ಟಣದ ಹಿಂದೆ ಓಡಿಸಿದರೆ ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿ ನಿಲ್ಲೋರು ಯಾರು?

ಇದು ಯಾವುದೋ ಒಂದು ಠಾಣೆಯನ್ನು ಬೊಟ್ಟು ಮಾಡಿ ಹೇಳುವ ಮಾತಲ್ಲ. ದೇಶದ ಲೆಕ್ಕವೇ ಹೀಗಿದೆ. 2020ರಲ್ಲಿ ದೇಶದಲ್ಲಿ ಈ ಕಾಯ್ದೆಯಡಿ ಸುಮಾರು 60 ಸಾವಿರ ಕೇಸು ದಾಖಲಾದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವಂತ ಸೇವನೆಗೆ ಇಟ್ಟುಕೊಂಡಿದ್ದವರ ಮೇಲೆ. ಸಣ್ಣ ಕೇಸು ಸುಲಭ. ಹುಡುಗ ಓಡೋದಿಲ್ಲ, ಪಿಸ್ತೂಲು ತೆಗೆಯೋದಿಲ್ಲ, ಅವನ ಹಿಂದೆ ಯಾರೂ ಇಲ್ಲ. ತಿಂಗಳ ಕೊನೆಗೆ ತಖ್ತೆಯಲ್ಲಿ ಒಂದು ಕೇಸು ಅಂದರೆ ಒಂದೇ, ಅದು ಪೊಟ್ಟಣವಾದರೂ ಲಾರಿಯಾದರೂ.

ಸಿಯಾಟಲ್‌ನವರು ಮಾಡಿದ್ದು

ಅಮೆರಿಕದ ಸಿಯಾಟಲ್ ಪಟ್ಟಣದ ಮತದಾರರು 2003ರಲ್ಲಿ ಒಂದು ತೀರ್ಮಾನಕ್ಕೆ ವೋಟು ಹಾಕಿದರು. ದೊಡ್ಡವರು ಸ್ವಂತಕ್ಕೆ ಇಟ್ಟುಕೊಂಡ ಗಾಂಜಾ ಕೇಸು ಪೊಲೀಸರ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೊನೆಗೆ ಇರಲಿ ಅಂತ. ಕಾನೂನು ತೆಗೆಯಲಿಲ್ಲ. ಮಾರೋದಕ್ಕೆ ರಿಯಾಯಿತಿ ಕೊಡಲಿಲ್ಲ. ಮೊದಲು ಕೊಲೆ, ದರೋಡೆ, ಕಳವು ನೋಡಿ, ಇದಕ್ಕೆ ಕೈ ಬಿಡುವಾದಾಗ ಬನ್ನಿ ಅಂದರು, ಅಷ್ಟೆ. ಒಂಬತ್ತು ವರ್ಷದ ಮೇಲೆ ಆ ರಾಜ್ಯವೇ ಅದನ್ನು ಕಾನೂನುಬದ್ಧ ಮಾಡಿತು, ಅದು ಬೇರೆ ಕಥೆ.

ಆ ತೀರ್ಮಾನ ಇಲ್ಲಿ ಹಾಗೆಯೇ ನಡೆಯೋದಿಲ್ಲ. ಈ ಕಾಯ್ದೆಯ ಎಲ್ಲಾ ಅಪರಾಧವೂ ಪೊಲೀಸರು ನೇರವಾಗಿ ಕೈ ಹಾಕಬಹುದಾದ ಅಪರಾಧ. ಅಂಥದ್ದರ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟು 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಕಟ್ಟು ಮಾಡಿದೆ. ಎಸ್‌ಪಿ ಸಾಹೇಬರು ನಾಳೆ "ಸಣ್ಣ ಪೊಟ್ಟಣ ಮುಟ್ಟಬೇಡಿ" ಅಂತ ಸುತ್ತೋಲೆ ಹೊರಡಿಸಿದರೆ ಅದು ನಿಲ್ಲೋದಿಲ್ಲ.

ಆದರೆ ಎಫ್‌ಐಆರ್ ಬೇರೆ, ಅರೆಸ್ಟ್ ಬೇರೆ. ಈ ವ್ಯತ್ಯಾಸದಲ್ಲೇ ಇಡೀ ವಿಷಯ ಇದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕಣ್ಣು ಮುಚ್ಚಿ ಅರೆಸ್ಟ್ ಮಾಡಬೇಡಿ, ಅಗತ್ಯವೇನು ಅಂತ ಬರೆದಿಡಿ, ಅಗತ್ಯವಿಲ್ಲದಿದ್ದರೆ ನೋಟಿಸು ಕೊಟ್ಟು ಕರೆಸಿ ಅಂತ ಅದೇ ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿತು. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲೂ ಆ ನೋಟಿಸು ಉಂಟು. ಒಂದು ವರ್ಷದ ಶಿಕ್ಷೆಯ ಹತ್ತು ಗ್ರಾಂ ಕೇಸು ಏಳು ವರ್ಷದ ಒಳಗೆ ಬರೋದಿಲ್ಲವೆ? ಸಣ್ಣ ಪ್ರಮಾಣಕ್ಕೆ ಜಾಮೀನು ಹಕ್ಕೋ ಅಲ್ಲವೋ ಅಂತ ಹೈಕೋರ್ಟುಗಳೇ ಬೇರೆ ಬೇರೆ ಹೇಳಿವೆ. ಅರೆಸ್ಟೇ ಆಗದಿದ್ದರೆ ಆ ರಗಳೆಯೂ ಇಲ್ಲ.

ಹುಡುಗನ ಹೆಸರು ಬರೆದುಕೊಳ್ಳಿ, ಮಾಲು ಸೀಲು ಮಾಡಿ, ನೋಟಿಸು ಕೊಡಿ, ಅಪ್ಪ ಅಮ್ಮನ ಮುಂದೆ 64ಎ ಓದಿ ಹೇಳಿ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ ದಾರಿ ತೋರಿಸಿ. ಇಷ್ಟಕ್ಕೆ ದಿಲ್ಲಿಯಿಂದ ತಿದ್ದುಪಡಿ ಬರಬೇಕಿಲ್ಲ.

ದಿಲ್ಲಿಯನ್ನು ಕಾದರೆ ಏನಾಗುತ್ತೆ ಅನ್ನೋದಕ್ಕೆ 2021 ಸಾಕ್ಷಿ. ಆ ವರ್ಷ ಅಕ್ಟೋಬರಿನಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಖಾತೆಯೇ, ಸ್ವಂತಕ್ಕೆ ಸಣ್ಣ ಪ್ರಮಾಣ ಇಟ್ಟುಕೊಂಡವರನ್ನು ಜೈಲಿಗಟ್ಟಬೇಡಿ, ಚಿಕಿತ್ಸೆಗೆ ಕಳಿಸಿ ಅಂತ ಕಂದಾಯ ಇಲಾಖೆಗೆ ಶಿಫಾರಸು ಮಾಡಿದ ಸುದ್ದಿ ಬಂತು. ಡಿಸೆಂಬರಿನಲ್ಲಿ ತಿದ್ದುಪಡಿ ಮಸೂದೆಯೂ ಬಂತು. ತೆರೆದು ನೋಡಿದರೆ ಅದರಲ್ಲಿದ್ದದ್ದು 2014ರ ತಿದ್ದುಪಡಿಯಲ್ಲಿ ತಪ್ಪಾಗಿ ಉಳಿದಿದ್ದ ಒಂದು ಉಪಕಲಮಿನ ನಂಬರ್ ಸರಿಪಡಿಸುವ ಕೆಲಸ ಮಾತ್ರ!

ಒಂದು ಕಿಲೋ ಅಂದ್ರೆ ಅಲ್ಪವೇ?

ಇದಕ್ಕೆ ಎದುರು ಮಾತೂ ಇದೆ, ಅದು ಹಗುರವಾದದ್ದಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯವರನ್ನು ಕೇಳಿದರೆ ಹೇಳ್ತಾರೆ: ದೊಡ್ಡವನು ಲಾರಿಯಲ್ಲಿ ತರಬಹುದು, ಆದರೆ ನಮ್ಮ ಮಕ್ಕಳ ಕೈಗೆ ಕೊಡೋನು ಸಣ್ಣವನೇ. ಕಾಲೇಜು ಗೇಟಿನ ಹತ್ತಿರ ಪೊಟ್ಟಣ ಮಾರೋನು ಯಾವತ್ತೂ ಕಿಲೋ ಇಟ್ಟುಕೊಂಡು ನಿಲ್ಲೋದಿಲ್ಲ. ಅವನ ಹತ್ತಿರ ಸಿಗೋದು ಇನ್ನೂರು ಮುನ್ನೂರು ಗ್ರಾಂ. 'ಅಲ್ಪ'ದಲ್ಲೇ ಬದುಕುವ ಕಲೆ ಅವನಿಗೆ ಗೊತ್ತು.

ಮಾತು ನಿಜ. ಒಂದು ಸೇದಿಗೆ ಒಂದು ಗ್ರಾಂ ಹಿಡಿದರೂ ಒಂದು ಕಿಲೋ ಅಂದರೆ ಸಾವಿರ ಸಲ. ಅದು ಯಾವ ಲೆಕ್ಕದಲ್ಲಿ ಅಲ್ಪವೋ ದೇವರೇ ಬಲ್ಲ. ಇನ್ನೊಂದು ಲೋಪ, 20ನೇ ಕಲಂ ಇಟ್ಟುಕೊಂಡವನನ್ನೂ ಮಾರಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೆ. ತೂಕ ಒಂದೇ ಆದರೆ ಶಿಕ್ಷೆಯ ಮಿತಿಯೂ ಒಂದೇ. ಹತ್ತು ಗ್ರಾಂ ಜೇಬಲ್ಲಿಟ್ಟ ಐಟಿಐ ಹುಡುಗನೂ, ಒಂಬೈನೂರು ಗ್ರಾಮನ್ನು ತೊಂಬತ್ತು ಪೊಟ್ಟಣ ಮಾಡಿ ಮಾರುವ ದಂಧೆಯವನೂ ಕಾನೂನಿಗೆ ಅಣ್ಣ ತಮ್ಮ. ಆದ್ದರಿಂದ ಬರೀ ತೂಕ ನೋಡಿ 'ಕೊನೆಯ ಆದ್ಯತೆ' ಅಂದರೆ ಅದರ ಲಾಭ ಮೊದಲು ಹೋಗೋದು ಮಾರುವವನಿಗೆ. ಪೊಲೀಸರು ನೋಡಬೇಕಾದ್ದು ಪೊಟ್ಟಣದ ಸಂಖ್ಯೆ, ತಕ್ಕಡಿ, ಫೋನಿನ ಲೆಕ್ಕ, ದುಡ್ಡಿನ ಓಡಾಟ. ಇದು ಕಷ್ಟದ ಕೆಲಸ. ಆದರೆ ತನಿಖೆ ಅಂದರೆ ಇದೇ. ಅರೆಸ್ಟ್ ಆಗದೆ ನೋಟಿಸಿನ ಮೇಲೆ ಮನೆಗೆ ಹೋದ ಹುಡುಗ, ಜೈಲಿನ ಭಯವಿಲ್ಲದಾಗ, ಕೊಟ್ಟವನು ಯಾರು ಅಂತ ಬಾಯಿ ಬಿಡೋ ಸಂಭವ ಹೆಚ್ಚು. ಮುಖ್ಯ ಅಂದರೆ, ಎರಡು ಏಟು ಬಿದ್ದು ಒಳಗೆ ಹೋದವನಿಗೆ ಅಲ್ಲಿ ಸಿಗೋ ಸಹವಾಸವೇ ಬೇರೆ.

ಗಾಂಜಾ ಏನೂ ಮಾಡೋದಿಲ್ಲ ಅನ್ನೋ ಪಂಡಿತರೂ ಈಚೆಗೆ ಹೆಚ್ಚಾಗಿದ್ದಾರೆ. ಹರೆಯದಲ್ಲೇ ದಿನಾ ಸೇದೋರಿಗೆ ಓದು ಕೆಡುತ್ತೆ, ಕೆಲವರಿಗೆ ಭ್ರಮೆ, ಬುದ್ಧಿಭ್ರಮಣೆಯ ಕಾಯಿಲೆ ಹತ್ತುತ್ತೆ ಅನ್ನೋದನ್ನು ವೈದ್ಯರು ಒಪ್ಪಿದ್ದಾರೆ. ಥಾಯ್ಲೆಂಡಿನವರು 2022ರಲ್ಲಿ ಗಾಂಜಾವನ್ನು ಮಾದಕ ಪಟ್ಟಿಯಿಂದಲೇ ತೆಗೆದು, ಬೀದಿ ಬೀದಿಗೆ ಅಂಗಡಿ ಏಳುತ್ತಲೇ ಬೆಚ್ಚಿ, 2025ರಲ್ಲಿ ವೈದ್ಯರ ಚೀಟಿ ಕಡ್ಡಾಯ ಮಾಡಿದರು. ಬಾಗಿಲು ಪೂರ್ತಿ ತೆಗೆಯೋದು ಬೇರೆ, ಹುಡುಗನ ಕೈಗೆ ಬೇಡಿ ಹಾಕದಿರೋದು ಬೇರೆ.

ಇತ್ತ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವ ಪದ್ಧತಿ ಇದೆ ಅಂತ 2020ರಲ್ಲಿ ದೊಡ್ಡ ಪತ್ರಿಕೆಗಳೆಲ್ಲ ಬರೆದವು. ಅದೇ ವರ್ಷ ಬೆಂಗಳೂರಿನಲ್ಲಿ ಸಿನಿಮಾ ನಟಿಯರ ಡ್ರಗ್ಸ್ ಕೇಸಿನ ಗಲಾಟೆ. ಅದೇ ವರ್ಷ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಗಾಂಜಾವನ್ನು ಅತಿ ಅಪಾಯದ ನಾಲ್ಕನೇ ಪಟ್ಟಿಯಿಂದ ತೆಗೆಯಿತು, 27ಕ್ಕೆ 25 ವೋಟು. ತೆಗೆಯಿರಿ ಅಂತ ಕೈ ಎತ್ತಿದ 27ರಲ್ಲಿ ಭಾರತವೂ ಒಂದು. ವಿಯೆನ್ನಾದಲ್ಲಿ ಎತ್ತಿದ ಕೈಗೂ ನಮ್ಮ ಠಾಣೆಯಲ್ಲಿ ಹಾಕುವ ಬೇಡಿಗೂ ಸಂಬಂಧವೇ ಇಲ್ಲ.

ಇನ್ನು ಸರ್ಕಾರದ ಇನ್ನೊಂದು ಕೈ. 2007ರ ಜುಲೈಯಲ್ಲಿ ಸಾರಾಯಿ ನಿಲ್ಲಿಸಿದರು, ಹೆಣ್ಣುಮಕ್ಕಳು ದೀಪ ಹಚ್ಚಿದರು. ಈಗ? 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕಾದ ಗುರಿ 40 ಸಾವಿರ ಕೋಟಿ ರೂಪಾಯಿ. ದಿಲ್ಲಿಯ ಏಮ್ಸ್ ಆಸ್ಪತ್ರೆಯವರು 2019ರಲ್ಲಿ ಹೊರತಂದ ದೇಶದ ಸಮೀಕ್ಷೆ ಪ್ರಕಾರ ಮದ್ಯ ಕುಡಿಯುವವರು ಸುಮಾರು 16 ಕೋಟಿ, ಭಂಗಿ ಗಾಂಜಾ ಚರಸ್ ಎಲ್ಲಾ ಸೇರಿ ಬಳಸುವವರು ಸುಮಾರು 3 ಕೋಟಿ. ಹಳ್ಳಿಯ ಹೆಂಗಸರನ್ನು ಕೇಳಿ, ಮನೆ ಹಾಳಾಗಿದ್ದು ಯಾವುದರಿಂದ ಅಂತ. ಉತ್ತರಕ್ಕೆ ಸಮೀಕ್ಷೆ ಬೇಕಿಲ್ಲ. ಪ್ಯಾಕೆಟ್ಟಿನ ಗಿರಾಕಿಗೆ ಸರ್ಕಾರ ಬಾಗಿಲು ತೆರೆದು ಕಾಯುತ್ತೆ, ಪೊಟ್ಟಣದ ಗಿರಾಕಿಗೆ ಲಾಕಪ್ ಬಾಗಿಲು ತೆರೆಯುತ್ತೆ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಮಾದಕ ವಸ್ತು ತಡೆಗೆ ಜಿಲ್ಲಾ ಮಟ್ಟದ ಸಮನ್ವಯ ಸಮಿತಿ ಅಂತ ಒಂದಿದೆ. ಪೊಲೀಸ್, ಅಬಕಾರಿ, ಆರೋಗ್ಯ, ಶಿಕ್ಷಣ ಎಲ್ಲ ಇಲಾಖೆಯವರೂ ಒಂದೇ ಮೇಜಿಗೆ ಬರಬೇಕಾದ ಜಾಗ. ಅಲ್ಲಿ ಯಾರಾದರೂ ಎದ್ದು ಮೂರು ಪ್ರಶ್ನೆ ಕೇಳಿದರೆ ಸಾಕು. ಜಿಲ್ಲೆಯಲ್ಲಿ ಕಳೆದ ವರ್ಷ ಹಿಡಿದ ಕೇಸುಗಳಲ್ಲಿ ನೂರು ಗ್ರಾಂ ಒಳಗಿನವು ಎಷ್ಟು, ಇಪ್ಪತ್ತು ಕಿಲೋ ದಾಟಿದವು ಎಷ್ಟು? ಸಣ್ಣ ಕೇಸಿನ ಎಷ್ಟು ಜನಕ್ಕೆ 64ಎ ವಿಷಯ ಬರವಣಿಗೆಯಲ್ಲಿ ತಿಳಿಸಲಾಯಿತು? ಅವರಲ್ಲಿ ಆಸ್ಪತ್ರೆ ಬಾಗಿಲು ತುಳಿದವರು ಎಷ್ಟು?

ಆಸ್ಪತ್ರೆ ಅಂದಾಗ ಇನ್ನೊಂದು ಸಣ್ಣ ವಿಷಯ. ಬೈರಕೂರಿನಿಂದ ಮುಳಬಾಗಿಲಿಗೆ ಒಂದು ಬಸ್ಸು, ಮುಳಬಾಗಿಲಿಂದ ಕೋಲಾರಕ್ಕೆ ಸುಮಾರು 30 ಕಿಲೋಮೀಟರು ಇನ್ನೊಂದು ಬಸ್ಸು. ಕೂಲಿ ಬಿಟ್ಟು ವಾರಕ್ಕೊಮ್ಮೆ ಮಗನನ್ನು ಕರೆದುಕೊಂಡು ಹೋಗುವ ತಾಯಿಗೆ ಇಡೀ ದಿನ ಹೋಗುತ್ತೆ. ಮಾನಸಿಕ ರೋಗದ ಡಾಕ್ಟರು ತಿಂಗಳಲ್ಲಿ ಎರಡು ದಿನವಾದರೂ ಮುಳಬಾಗಿಲು ಸರ್ಕಾರಿ ಆಸ್ಪತ್ರೆಯಲ್ಲಿ ಕೂತು ಇದನ್ನೇ ನೋಡುವಂತಾದರೆ, 64ಎ ಅನ್ನೋದು ಪುಸ್ತಕದಿಂದ ಕೆಳಗಿಳಿದು ಬೈರಕೂರಿನವರೆಗೆ ಬರುತ್ತೆ. ಅಲ್ಲಿವರೆಗೆ ದೇಶದ ಉಚಿತ ದೂರವಾಣಿ 14446 ಇದೆ, ಚಟ ಬಿಡಿಸುವ ಸಲಹೆಗೆ. ಅಂಗಡಿಯ ಗೋಡೆ ಮೇಲೆ ಬರೆದಿಡಲು ಜಾಗ ಇದ್ದವರು ಬರೆದಿಡಬಹುದು.